ಗದ್ದೆಯಲ್ಲಿ ಸಂಗೀತ: ಪುಣೆ ಹತ್ತಿರದ ಮುಳಶಿ ಕಡೆ ಎರಡು ದಿನದ ಉತ್ಸವ ಕಟ್ಟುವ ಬಗೆ

ಜಾಗ ನೋಡೋಕೆ ಮಧ್ಯಾಹ್ನ ಹೋಗಬೇಡಿ. ಸಂಗೀತ ಕಛೇರಿ ಯಾವ ಹೊತ್ತಿಗೆ ನಡೆಯುತ್ತೋ ಅದೇ ಹೊತ್ತಿಗೆ ಹೋಗಿ. ಸಂಜೆ ಏಳಕ್ಕೆ ಒಂದು ಸಲ, ಬೆಳಿಗ್ಗೆ ಆರೂಕಾಲಿಗೆ ಇನ್ನೊಂದು ಸಲ. ಗದ್ದೆಯ ನಡುವೆ ಹತ್ತು ನಿಮಿಷ ಸುಮ್ನೆ ಕೂತು ಏನೇನು ಕೇಳುತ್ತೆ ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ನಮ್ಮ ಮೊದಲ ಚೀಟಿಯಲ್ಲಿ ಮೂರು ಸಾಲು ಇದ್ದವು: ಪಿರಂಗುಟ್ ರಸ್ತೆಯ ಲಾರಿ, ಊರಿನ ಹಿಟ್ಟಿನ ಗಿರಣಿ, ನಾಯಿ. ಹಗಲಲ್ಲಿ ಆ ಲಾರಿ ಕೇಳಿಸಿರಲೇ ಇಲ್ಲ. ಚಳಿಗಾಲದ ರಾತ್ರಿ ನೆಲದ ಹತ್ತಿರದ ಗಾಳಿ ಬೇಗ ತಣ್ಣಗಾಗುತ್ತೆ, ಮೇಲಿನ ಗಾಳಿ ಇನ್ನೂ ಬೆಚ್ಚಗೆ ಇರುತ್ತೆ. ಆಗ ಮೇಲೆ ಹೋಗಬೇಕಾದ ಶಬ್ದ ನೆಲದ ಕಡೆಗೆ ಬಾಗಿ ದೂರದವರೆಗೆ ಹರಿಯುತ್ತೆ. ಅದೇ ಗಾಳಿ ನಿಮ್ಮ ತಬಲಾವನ್ನೂ ಊರೊಳಗೆ ಒಯ್ಯುತ್ತೆ ಅನ್ನೋದನ್ನು ಮರೆಯಬಾರದು.

ನಾನು ಧಾರವಾಡದವಳು. ಪುಣೆಗೆ ಬಂದು 19 ವರ್ಷ ಆಯಿತು. ಭೋಸರಿಯ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಪ್ಯಾನೆಲ್ ಜೋಡಿಸುವ ವಿಭಾಗ ನೋಡಿಕೊಳ್ಳುತ್ತೇನೆ. ಕೋಥ್ರೂಡಿನ ನಾವು ಹದಿನೈದು ಜನ ಕನ್ನಡದವರು, ಜೊತೆಗೆ ಮರಾಠಿ ಗೆಳೆಯರು ಸೇರಿ ಆರು ವರ್ಷದಿಂದ ಪ್ರತಿ ಜನವರಿ ಮುಳಶಿ ಕಡೆಯ ಪೌಡ್ ಆಚೆ ಒಂದು ಭತ್ತದ ಗದ್ದೆಯಲ್ಲಿ ಎರಡು ದಿನ ಹಿಂದೂಸ್ತಾನಿ ಸಂಗೀತ ಇಡುತ್ತೇವೆ. ಸುಮಾರು 400 ಜನ ಬರುತ್ತಾರೆ. ತಾನಪುರದ ಜವಾರಿ, ಅಂದರೆ ತಂತಿಯ ಆ ಝೇಂಕಾರ, ಗಾಳಿಯಲ್ಲಿ ನಿಂತ ಹಾಗೆ ಕೇಳುತ್ತಲ್ಲ, ಆ ನಿಶ್ಶಬ್ದಕ್ಕಾಗಿ ಬರುತ್ತಾರೆ. ನಾವು ಗದ್ದೆಗೆ ತರುವ ಜನರೇಟರ್, ದೀಪ, ವಾಹನ, ಅಡುಗೆ ಎಲ್ಲವೂ ಆ ನಿಶ್ಶಬ್ದವನ್ನು ತಿನ್ನುತ್ತವೆ. ಅದಕ್ಕೇ ನನ್ನ ಕೆಲಸ ಅಂದರೆ ಮುಖ್ಯವಾಗಿ ಅದನ್ನು ಕಾಯೋದು.

ಜಾಗ ಗೊತ್ತಾದ ಮೇಲೆ ಅಲ್ಲಿ ನಿಂತು ಜೋರಾಗಿ ಒಂದು ಚಪ್ಪಾಳೆ ತಟ್ಟಿ. ಚಪ್ಪಾಳೆ ಒಂದು ಸೆಕೆಂಡಿಗೆ ವಾಪಸ್ ಬಂದರೆ ಎದುರಿನ ಗುಡ್ಡ 170 ಮೀಟರ್ ದೂರದಲ್ಲಿದೆ ಅಂತ ಲೆಕ್ಕ. ಅಂಥ ಗುಡ್ಡಕ್ಕೆ ಸ್ಪೀಕರ್ ಮುಖ ಮಾಡಬೇಡಿ, ಪ್ರತಿ ತಿಹಾಯಿ (ಒಂದೇ ತುಣುಕನ್ನು ಮೂರು ಸಲ ಬಾರಿಸಿ ಮುಗಿಸೋದು) ಎರಡೆರಡು ಸಲ ಕೇಳುತ್ತೆ. ಊರ ಕಡೆಗೂ ಬೇಡ. ನಮ್ಮಲ್ಲಿ ಇಳಿಜಾರಾಗಿ ಖಾಲಿ ಬಯಲಿರುವ ಒಂದೇ ದಿಕ್ಕು ಉಳಿಯಿತು. ವೇದಿಕೆಯ ಜಾಗವನ್ನು ಆ ದಿಕ್ಕೇ ತೀರ್ಮಾನಿಸಿತು.

ಗದ್ದೆಯ ಮಾತು ಅಕ್ಟೋಬರಿನಲ್ಲೇ ಮುಗಿಯಬೇಕು. ಮುಳಶಿಯಲ್ಲಿ ಭತ್ತ ಕೊಯ್ದ ಮೇಲೆ ಮಣ್ಣಿನಲ್ಲಿ ಉಳಿದ ತೇವಕ್ಕೆ ಕಡಲೆ ಬಿತ್ತುವವರಿದ್ದಾರೆ. ನಾವು ಡಿಸೆಂಬರಿನಲ್ಲಿ ಹೋಗಿ ಕೇಳಿದರೆ ಅಲ್ಲಿ ಪೈರು ನಿಂತಿರುತ್ತೆ. ನಮ್ಮ ಗದ್ದೆಯ ಕಾಕಾ ಮೊದಲ ವರ್ಷ ಬಾಡಿಗೆ ಹೇಳೋಕೇ ಸಂಕೋಚಪಟ್ಟರು. ನಾವೇ ಕೂತು ಆ ತುಂಡಿನಲ್ಲಿ ಎಷ್ಟು ಕಡಲೆ ಬರುತ್ತಿತ್ತು, ಏನು ಬೆಲೆ ಅಂತ ಕೇಳಿ, ಅದರ ಮೇಲೆ ಇನ್ನಷ್ಟು ಸೇರಿಸಿ ಕೊಟ್ಟೆವು. ಬಾಡಿಗೆ ಲೆಕ್ಕ ಹಾಕುವ ನ್ಯಾಯವಾದ ದಾರಿ ಇದೇ ಅಂತ ನನ್ನ ನಂಬಿಕೆ. ವಾಹನ ಹೋಗಲು ಯಾವ ಬದು ಕಡಿಯಬಹುದು, ಯಾವುದನ್ನು ಮುಟ್ಟಬಾರದು, ದನ ಯಾವ ದಾರಿಯಲ್ಲಿ ನೀರಿಗೆ ಹೋಗುತ್ತವೆ, ಎಲ್ಲಾ ಕಾಕಾ ಜೊತೆ ನಡೆದೇ ಕೇಳಿಕೊಳ್ಳಿ.

ಗ್ರಾಮ ಪಂಚಾಯಿತಿಯ ‘ನಾ ಹರಕತ್’ (ಅಭ್ಯಂತರವಿಲ್ಲ ಅನ್ನುವ) ಪತ್ರ, ಪೊಲೀಸ್ ಠಾಣೆಯ ಅನುಮತಿ, ಧ್ವನಿವರ್ಧಕದ ಅನುಮತಿ ಇವಕ್ಕೆ ಅರ್ಜಿಯನ್ನು ಮರಾಠಿಯಲ್ಲೇ ಬರೆಯಿರಿ. ಒಂದೂವರೆ ತಿಂಗಳು ಮುಂಚೆ ಕೊಡಿ. ಅರ್ಜಿಗೂ ಮುಂಚೆ ಪಕ್ಕದ ಮನೆಗಳಿಗೆ ಹೋಗಿ ಹೇಳಿ ಬನ್ನಿ. ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರಿಗೆ ಹುಷಾರಿಲ್ಲ ಅಂತ ಗೊತ್ತಾಗುತ್ತೆ. ಒಂದು ವರ್ಷ ಹಾಗೆ ಗೊತ್ತಾಗಿಯೇ ನಾವು ಒಂದು ಸ್ಪೀಕರನ್ನು ಬೇರೆ ಕಡೆ ತಿರುಗಿಸಿದೆವು.

ಇನ್ನು ಸಮಯ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಸಬಹುದು, ಆದರೆ ನಮ್ಮಂಥ ಸಣ್ಣವರು ಅದನ್ನು ನಂಬಿ ಕಾರ್ಯಕ್ರಮ ಹಾಕಬಾರದು. ಪುಣೆಯಲ್ಲಿ ಭೀಮಸೇನ ಜೋಶಿಯವರು ತಮ್ಮ ಗುರು, ನಮ್ಮ ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ 1953ರಲ್ಲಿ ಶುರು ಮಾಡಿದ ಉತ್ಸವ ಒಂದು ಕಾಲದಲ್ಲಿ ಬೆಳಗಿನವರೆಗೆ ನಡೆಯುತ್ತಿತ್ತು. ಆ ರಾತ್ರಿಗಳ ಕಥೆ ಕೇಳಿದವರಿಗೆ ಹತ್ತಕ್ಕೆ ನಿಲ್ಲಿಸೋದು ಕಷ್ಟ ಅನಿಸುತ್ತೆ, ನನಗೂ ಅನಿಸಿತ್ತು. ಈಗ ನಾವು ಕಾರ್ಯಕ್ರಮವನ್ನು ಎರಡು ತುಂಡು ಮಾಡಿದ್ದೇವೆ. ಜನವರಿ ನಡುವಿನಲ್ಲಿ ಇಲ್ಲಿ ಸೂರ್ಯ ಮುಳುಗೋದು ಸುಮಾರು 6.15ಕ್ಕೆ, ಆ ಹೊತ್ತಿಗೆ ಮಾರವಾ ಅಥವಾ ಪೂರಿಯಾ ರಾಗ. ಹತ್ತಕ್ಕೆ ಹತ್ತು ನಿಮಿಷ ಇರುವಾಗ ಎಲ್ಲಾ ಬಂದ್. ಮರುದಿನ 6.15ಕ್ಕೆ ಮತ್ತೆ ಶುರು. ಸೂರ್ಯ ಹುಟ್ಟೋದು ಏಳು ದಾಟಿದ ಮೇಲೆ. ಹಾಗಾಗಿ ಲಲತ್ ರಾಗ ಸೂರ್ಯ ಹುಟ್ಟುವ ಮುಂಚೆಯೇ ಸಿಗುತ್ತೆ, ತೋಡಿ ರಾಗ ಬರುವ ಹೊತ್ತಿಗೆ ಗುಡ್ಡದ ಮೇಲೆ ಬಿಸಿಲು. ಇಡೀ ಉತ್ಸವದಲ್ಲಿ ನನಗೆ ಅತಿ ಪ್ರೀತಿಯ ಹೊತ್ತು ಅದು.

ಈಗ ಕರೆಂಟ್. ಇಲ್ಲಿ ನಾನು ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕಂದ್ರೆ ಇಲ್ಲಿ ತಪ್ಪಿದರೆ ಜೀವ ಹೋಗುತ್ತೆ.

ಬಾವಿಯ ಪಂಪಿನ ಕರೆಂಟಿಗೆ ಕೈ ಹಾಕಬೇಡಿ. ಅದು ಬೇಸಾಯಕ್ಕೆ ಕೊಟ್ಟದ್ದು, ದಿನವಿಡೀ ಇರೋದೂ ಇಲ್ಲ. ಜನರೇಟರ್ ತನ್ನಿ, ಮೇಲೆ ಪೂರ್ತಿ ಮುಚ್ಚಿದ ಸೈಲೆಂಟ್ ಮಾದರಿಯದ್ದು. ನಮಗೆ 62.5 ಕೆವಿಎ ಸಾಕಾಗುತ್ತೆ. ಅದನ್ನು ವೇದಿಕೆಯಿಂದ 60 ಮೀಟರ್ ಆಚೆ, ಒಂದು ಮಣ್ಣಿನ ದಿಬ್ಬದ ಹಿಂದೆ ನಿಲ್ಲಿಸುತ್ತೇವೆ. ಕೇಬಲ್ ಉದ್ದ ಆಗುತ್ತೆ, ಖರ್ಚು ಜಾಸ್ತಿ. ಆದರೂ ಹತ್ತಿರ ತರಬೇಡಿ.

ಎರಡನೇ ವರ್ಷ ಬಾಡಿಗೆಗೆ ತಂದ ಒಂದು ಬೋರ್ಡಿನಲ್ಲಿ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ತಂತಿ) ಸ್ಕ್ರೂ ಸಡಿಲ ಇತ್ತು. ಮೂರು ಫೇಸಿನ ಲೈನಿನಲ್ಲಿ ನ್ಯೂಟ್ರಲ್ ಬಿಟ್ಟರೆ 230 ವೋಲ್ಟ್ ಹಂಚಿಕೆ ಕೆಡುತ್ತೆ. ಕಡಿಮೆ ಲೋಡ್ ಇರುವ ಫೇಸಿನಲ್ಲಿ ವೋಲ್ಟೇಜ್ 400ರ ಕಡೆಗೆ ಏರುತ್ತೆ. ದೀಪಗಳ ಫೇಸ್ ಮಂಕಾಯಿತು, ಸೌಂಡಿನ ಫೇಸ್ ಏರಿತು. ಒಂದು ಆಂಪ್ಲಿಫೈಯರ್ ಮತ್ತು ಒಬ್ಬ ಕಲಾವಿದೆಯ ಎಲೆಕ್ಟ್ರಾನಿಕ್ ತಾನಪುರ ಸುಟ್ಟುಹೋದವು. ಪ್ಯಾನೆಲ್ ಕೆಲಸದವಳಾಗಿ ನಾನು ಆ ಬೋರ್ಡನ್ನು ಕೈಯಾರೆ ನೋಡಬೇಕಿತ್ತು. ಅವತ್ತಿನಿಂದ ಯಾರ ಬೋರ್ಡೇ ಬರಲಿ, ಮುಚ್ಚಳ ತೆಗೆದು ಒಂದೊಂದು ಸ್ಕ್ರೂ ನಾನೇ ಬಿಗಿ ಮಾಡುತ್ತೇನೆ. ಏನನ್ನೂ ಸಿಕ್ಕಿಸುವ ಮುಂಚೆ ಪ್ರತಿ ಸಾಕೆಟಿನಲ್ಲಿ ಮಲ್ಟಿಮೀಟರ್ ಇಟ್ಟು ನೋಡುತ್ತೇನೆ. ಪ್ರತಿ ಬೋರ್ಡಿಗೂ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್, ಇರಲೇಬೇಕು. ಇಬ್ಬನಿಯಲ್ಲಿ ಒದ್ದೆಯಾದ ಹುಲ್ಲಿನ ಮೇಲೆ ಮಕ್ಕಳು ಬರಿಗಾಲಲ್ಲಿ ಓಡುತ್ತಾರೆ, ಅದನ್ನು ನೆನಪಿಡಿ.

ಅರ್ಥಿಂಗಿಗೆ ಜನರೇಟರ್ ಪಕ್ಕದಲ್ಲೇ ಸರಳು ಇಳಿಸಿ, ಇದ್ದಿಲು ಉಪ್ಪು ತುಂಬಿ. ಜನವರಿಯಲ್ಲಿ ಮಣ್ಣು ಒಣಗಿರುತ್ತೆ, ಬೆಳಿಗ್ಗೆ ಸಂಜೆ ಒಂದೊಂದು ಕೊಡ ನೀರು ಹೊಯ್ಯಿರಿ. ಸ್ಪೀಕರ್ ಗುಂಯ್ ಅಂತಿದ್ರೆ ಕೆಲವರು ಪ್ಲಗ್ಗಿನ ಅರ್ಥ್ ಪಿನ್ ಕಿತ್ತು ಹಾಕುತ್ತಾರೆ. ದಯವಿಟ್ಟು ಯಾರಿಗೂ ಹಾಗೆ ಮಾಡೋಕೆ ಬಿಡಬೇಡಿ. ಆ ಗುಂಯ್ 50 ಹರ್ಟ್ಜ್ ಮತ್ತು ಅದರ ದುಪ್ಪಟ್ಟು, ಗಂಡು ತಾನಪುರದ ಖರ್ಜದ (ಕೆಳಗಿನ ಷಡ್ಜದ ತಂತಿ) ಆಸುಪಾಸಿನಲ್ಲೇ ಕೂತು ಅದನ್ನು ಕೆಡಿಸುತ್ತೆ, ನಿಜ. ಅದಕ್ಕೆ ಮದ್ದು ಬೇರೆ. ಮಿಕ್ಸರ್, ವೇದಿಕೆ, ಆಂಪ್ಲಿಫೈಯರ್ ಮೂರಕ್ಕೂ ಒಂದೇ ಫೇಸ್ ಕೊಡಿ, ದೀಪದ ಡಿಮ್ಮರಿಗೆ ಬೇರೆ ಫೇಸ್. ಮೈಕಿನ ಕೇಬಲ್ಲನ್ನು ಕರೆಂಟಿನ ಕೇಬಲ್ ಜೊತೆ ಒಟ್ಟಿಗೆ ಎಳೆಯಬೇಡಿ, ದಾಟಲೇಬೇಕಾದರೆ ಅಡ್ಡಡ್ಡ ದಾಟಿಸಿ.

ಸೌಂಡಿಗೆ ದೊಡ್ಡ ಎರಡು ಸ್ಪೀಕರ್ ಬೇಡ. ಸಣ್ಣವು ಆರು ಸಾಕು. ಮುಂದಿನವರ ಕಿವಿ ನೋಯಿಸದೆ ಹಿಂದಿನವರಿಗೂ ಕೇಳುತ್ತೆ, ಊರಿಗೂ ಕಡಿಮೆ ಹೋಗುತ್ತೆ. ಆದರೆ ಹಿಂದಿನ ಜೋಡಿಗೆ ಡಿಲೇ ಕೊಡಬೇಕು, ಅಂದರೆ ಅದರ ಶಬ್ದ ಸ್ವಲ್ಪ ತಡವಾಗಿ ಹೊರಡಬೇಕು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ. ವೇದಿಕೆಯಿಂದ 34 ಮೀಟರ್ ದೂರದ ಸ್ಪೀಕರಿಗೆ 100 ಮಿಲಿಸೆಕೆಂಡ್, ಅದರ ಮೇಲೆ ಇನ್ನೊಂದು 10 ಸೇರಿಸಿ. ಆಗ ದನಿ ಹಾಡುವವರ ಬಾಯಿಂದಲೇ ಬಂದ ಹಾಗೆ ಇರುತ್ತೆ.

ಇಬ್ಬನಿಯ ಬಗ್ಗೆ ನನಗೆ ಯಾರೂ ಹೇಳಿರಲಿಲ್ಲ. ಬೆಳಿಗ್ಗೆ ಐದಕ್ಕೆ ಮಿಕ್ಸರ್ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದು, ಅಷ್ಟು ನೀರು. ಬಯಲು ಆಕಾಶಕ್ಕೆ ತೆರೆದಿದ್ದು ಬೇಗ ತಣ್ಣಗಾಗಿ ಒದ್ದೆಯಾಗುತ್ತೆ. ಮೇಲೊಂದು ಬಟ್ಟೆಯ ಚಪ್ಪರ ಇದ್ದರೂ ಎಷ್ಟೋ ವಾಸಿ. ನೆಲಕ್ಕೆ ಮೊದಲು ತಾಡಪತ್ರಿ, ಅದರ ಮೇಲೆ ಜಮಖಾನೆ. ವೇದಿಕೆಗೆ ನಾನು ನವಲಗುಂದದ ಎರಡು ಜಮಖಾನೆ ತಂದಿಟ್ಟಿದ್ದೇನೆ, ರಾತ್ರಿ ಅವನ್ನು ಸುತ್ತಿ ಒಳಗಿಡುತ್ತೇವೆ. ತೇವಕ್ಕೆ ತಬಲಾದ ಚರ್ಮ ಸಡಿಲಾಗಿ ಸ್ವರ ಇಳಿಯುತ್ತೆ. ವಾದ್ಯಗಳನ್ನು ಅರ್ಧ ಗಂಟೆ ಮುಂಚೆ ವೇದಿಕೆಗೆ ತಂದು ಆ ಗಾಳಿಗೆ ಹೊಂದಿಸಿ. ಪಕ್ಕದಲ್ಲಿ, ಮೈಕಿಗೆ ಸಿಗದ ಹಾಗೆ, ಬಿಸಿ ಕೊಡುವ ಒಂದು ಹಳೇ ಬಲ್ಬ್ ಉರಿಯುತ್ತಿರಲಿ. ಒಂದು ತಬಲಾ ಹೆಚ್ಚಿಗೆ ಇರಲಿ.

ಊಟಕ್ಕೆ ಕಾಕಾ ಮನೆಯ ಕಾಕೂ ಮತ್ತು ಊರಿನ ಹೆಂಗಸರು ಅಕ್ಕಿ ಭಾಕರಿ, ಕಡಲೆಹಿಟ್ಟಿನ ಪಿಠಲೆ ಮಾಡುತ್ತಾರೆ. ನಾವು ಧಾರವಾಡದಿಂದ ಶೇಂಗಾ ಚಟ್ನಿಪುಡಿ ತರಿಸುತ್ತೇವೆ. ಮೊಬೈಲ್ ಶೌಚಾಲಯ ಪುಣೆಯಲ್ಲಿ ಬಾಡಿಗೆಗೆ ಸಿಗುತ್ತೆ. ನಾವು ಎಂಟು ತರುತ್ತೇವೆ, ಅದರಲ್ಲಿ ಐದು ಹೆಂಗಸರಿಗೆ. ಆಂಬುಲೆನ್ಸಿಗೆ 108 ಇದೆ, ಆದರೂ ಒಂದು ಕಾರು ಮತ್ತು ಚಾಲಕ ಎರಡೂ ದಿನ ರಸ್ತೆಗೆ ಮುಖ ಮಾಡಿ ಕಾಯಲಿ.

ಬಿಚ್ಚುವ ಕೆಲಸಕ್ಕೆ ಒಂದು ಪೂರ್ತಿ ದಿನ ಇಡಿ. ಕಡಿದ ಬದು ಅದೇ ಮಣ್ಣಿನಿಂದ ಕಟ್ಟಬೇಕು. ಮೊಳೆ ಮತ್ತು ತಂತಿ ತುಂಡು ಉಳಿದರೆ ಎತ್ತಿನ ಕಾಲಿಗೆ ಚುಚ್ಚುತ್ತೆ. ಹಳೇ ಸ್ಪೀಕರಿನ ಆಯಸ್ಕಾಂತವನ್ನು ಹಗ್ಗಕ್ಕೆ ಕಟ್ಟಿ ವೇದಿಕೆ ಇದ್ದ ಜಾಗದಲ್ಲೆಲ್ಲಾ ಎಳೆಯುತ್ತೇವೆ. ಹೋದ ಜನವರಿಯಲ್ಲಿ 43 ಮೊಳೆ ಸಿಕ್ಕವು. ಕಾಕಾ ಬದುವಿನ ಮೇಲೆ ಕೂತು ನೋಡುತ್ತಿದ್ದರು. ಕೊನೆಗೆ ಎದ್ದು ಬಂದು, ಮಣ್ಣನ್ನು ಕಾಲಲ್ಲಿ ಸವರಿ, ಇನ್ನೊಂದನ್ನು ಎತ್ತಿ ನನ್ನ ಕೈಗೆ ಕೊಟ್ಟರು. ಮುಂದಿನ ಸಲ ಕೆಳಗಿನ ತುಂಡು ತಗೊಳ್ಳಿ, ಇಲ್ಲಿ ಆಗ ಕಡಲೆ ಹಾಕ್ತೀನಿ ಅಂದರು. ಕೆಳಗಿನ ತುಂಡು ಹಳ್ಳಕ್ಕೆ ಹತ್ತಿರ. ಅಲ್ಲಿ ರಾತ್ರಿ ಏನು ಕೇಳುತ್ತೆ ಅಂತ ಅಕ್ಟೋಬರಿನಲ್ಲಿ ಹೋಗಿ ಕೂತು ನೋಡಬೇಕು.