ಇಟಲಿಯಲ್ಲಿ ಸೈಕಲ್ ಪ್ರವಾಸ: ಟೆಂಟಿಗೆ ಅಗ್ಗದ ಜಾಗ ಸಿಕ್ಕಿದ್ದು ಹೀಗೆ

ಆಗಸ್ಟ್ ಎರಡನೇ ವಾರ. ಗಾರ್ಡಾ ಸರೋವರದ ದಂಡೆ ತಲುಪಿದಾಗ ಸಂಜೆ ಏಳು. ಅಲ್ಲಿನ ಕ್ಯಾಂಪಿಂಗ್ ತಾಣದಲ್ಲಿ ಒಬ್ಬನಿಗೆ, ಒಂದು ಪುಟ್ಟ ಟೆಂಟಿಗೆ 41 ಯೂರೋ ಕೇಳಿದರು. ತಲೆಗೆ ಇಷ್ಟು, ‘ಪಿಯಾತ್ಸೋಲಾ’ಗೆ, ಅಂದರೆ ಟೆಂಟ್ ಹಾಕುವ ಜಾಗಕ್ಕೆ, ಬೇರೆ ಇಷ್ಟು, ಅಲ್ಲಿ ಕಾರಿನವರಿಗೂ ನನಗೂ ಒಂದೇ ದರ. ಆಗಸ್ಟ್ 15ರ ಫೆರ್ರಾಗೋಸ್ತೊ ರಜೆಗೆ ಎಲ್ಲರೂ ನೀರಿನ ಬಳಿಯೇ ಸೇರುತ್ತಾರೆ. ಬಯಲಲ್ಲಿ ಮಲಗೋಣವೆಂದರೆ ಹೆಚ್ಚಿನ ಕಡೆ ನಿಷೇಧ, ದಂಡ.

ಮರುದಿನ ಸರೋವರವನ್ನೇ ಬಿಟ್ಟೆ. ಸರೋವರದ ದಂಡೆಯ ಪೆಸ್ಕಿಯೆರಾ ಊರಿನಿಂದ ಮಾಂಟುವಾ ನಗರಕ್ಕೆ ಮಿಂಚೊ ನದಿಯ ಪಕ್ಕದಲ್ಲೇ ಸುಮಾರು 45 ಕಿ.ಮೀ. ಚೆಂದದ ಸೈಕಲ್ ದಾರಿಯಿದೆ. ಮ್ಯಾಪಿನಲ್ಲಿ ‘ಕ್ಯಾಂಪಿಂಗ್’ ಬದಲು ‘ಅಗ್ರಿಕಾಂಪೆಜ್ಜೊ’ ಎಂದು ಹುಡುಕಿದೆ. ರೈತರೇ ತಮ್ಮ ಹೊಲದಲ್ಲಿ ಜಾಗ ಕೊಡುವ ವ್ಯವಸ್ಥೆ ಅದು. ಮೊದಲೇ ಫೋನ್ ಮಾಡಿ, “ತೆಂದಾ ಪಿಕ್ಕೊಲಾ, ಸೆಂತ್ಸಾ ಮಾಕ್ಕಿನಾ” ಅಂದೆ: ಚಿಕ್ಕ ಟೆಂಟ್, ಕಾರಿಲ್ಲ. ಈ ನಾಲ್ಕು ಪದವೇ ದರ ಇಳಿಸಿದ್ದು. 12 ಯೂರೋ! ದ್ರಾಕ್ಷಿ ಸಾಲಿನ ತುದಿಯಲ್ಲಿ ಹುಲ್ಲು, ಒಂದು ನಲ್ಲಿ, ಬಿಸಿನೀರು. ಮನೆಯೊಡತಿ ಬುಟ್ಟಿ ತುಂಬ ಟೊಮೆಟೊ ತಂದಿಟ್ಟರು. ಇನ್ನೂ ಬಿಸಿಲಿನ ಕಾವು ಅದರಲ್ಲಿತ್ತು.

ಟಸ್ಕನಿಯಲ್ಲಿ ಟೆಂಟೇ ಬಿಚ್ಚಲಿಲ್ಲ. ರೋಮಿಗೆ ಹೋಗುವ ವಿಯಾ ಫ್ರಾಂಚಿಜೆನಾ ಯಾತ್ರಾ ದಾರಿಯಲ್ಲಿ ‘ಕ್ರೆದೆನ್ತ್ಸಿಯಾಲೆ’ ಎಂಬ ಯಾತ್ರಿಕರ ಪುಸ್ತಿಕೆ ತೋರಿಸಿದರೆ ಕೆಲವು ಚರ್ಚ್ ವಸತಿಗಳಲ್ಲಿ ಸೈಕಲ್ಲಿನವರಿಗೂ ಹಾಸಿಗೆ ಸಿಗುತ್ತದೆ, ಕೈಲಾದಷ್ಟು ಕಾಣಿಕೆಗೆ. ನಡೆದು ಬಂದವರಿಗೆ ಮೊದಲ ಆದ್ಯತೆ, ಅದು ನ್ಯಾಯವೇ. ಹಿಂದಿನ ದಿನವೇ ಫೋನ್ ಮಾಡಿಡಿ.