ರಾಜಕಾಲುವೆ ಎಲ್ಲಿದೆ ತೋರಿಸಮ್ಮಾ

ಪರಿಸರ ನೀತಿಯಲ್ಲಿ ಎಂಎ ಮಾಡಿದ್ದೀನಿ ಅಂದರೆ ನಮ್ಮ ಊರಲ್ಲಿ ಮೊದಲು ಕೇಳುವುದು, "ಗಿಡ ನೆಡೋ ಕೆಲಸಾನಾ?" ಅಂತ. ಕೋಲಾರದಲ್ಲಿ ಬಿಎಸ್ಸಿ ಮುಗಿಸಿ ದೆಹಲಿಗೆ ರೈಲು ಹತ್ತಿದಾಗ ನನ್ನ ಹತ್ತಿರವೂ ಇದಕ್ಕೆ ಸರಿಯಾದ ಉತ್ತರ ಇರಲಿಲ್ಲ. ಎರಡು ವರ್ಷ, ನಾಲ್ಕು ಸೆಮಿಸ್ಟರ್. ಅರ್ಥಶಾಸ್ತ್ರ, ಕಾನೂನು, ಸ್ಟಾಟಿಸ್ಟಿಕ್ಸ್, ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ಜಿಐಎಸ್, ಎಲ್ಲವೂ ಸ್ವಲ್ಪ ಸ್ವಲ್ಪ. ಮೊದಲ ವರ್ಷ ಮುಗಿಯುವ ಹೊತ್ತಿಗೆ ಅಪ್ಪನ ದುಡ್ಡು ದಂಡ ಮಾಡುತ್ತಿದ್ದೀನಿ ಅಂತಲೇ ಅನಿಸಿತ್ತು.

ಮೊದಲ ಸಲ ಮನಸ್ಸು ನಾಟಿದ್ದು ಎಲಿನಾರ್ ಆಸ್ಟ್ರಮ್ ಅವರ ಬಗ್ಗೆ ಪಾಠ ಕೇಳಿದ ದಿನ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು, ಅದನ್ನು ಪಡೆದ ಮೊದಲ ಮಹಿಳೆ. ಎಲ್ಲರಿಗೂ ಸೇರಿದ ನೀರು, ಕಾಡು, ಹುಲ್ಲುಗಾವಲು ಹಾಳಾಗಲೇಬೇಕು ಅಂತೇನಿಲ್ಲ, ಬಳಸುವ ಜನರೇ ನಿಯಮ ಕಟ್ಟಿಕೊಂಡು, ಕಾವಲಿಗೆ ಒಬ್ಬರನ್ನಿಟ್ಟು, ತಪ್ಪು ಮಾಡಿದವರಿಗೆ ಮೊದಲು ಸಣ್ಣ ದಂಡ ಹಾಕಿ ನೂರಾರು ವರ್ಷ ನಡೆಸಿದ ಊರುಗಳಿವೆ ಅಂತ ಅವರು ತೋರಿಸಿದರು. ಸ್ಪೇನಿನ ಕಾಲುವೆಗಳು, ಜಪಾನಿನ ಹಳ್ಳಿಗಳ ಉದಾಹರಣೆ ಬಂದವು. ನನಗೆ ಮಾತ್ರ ನಮ್ಮ ತಾತ ಕಣ್ಣ ಮುಂದೆ ಬಂದರು. ತಾತ ಊರಿನ ನೀರುಗಂಟಿ. ಕೆರೆಯ ತೂಬು ಎತ್ತುವುದು, ಇಳಿಸುವುದು, ಅಚ್ಚುಕಟ್ಟಿನ ಯಾವ ಗದ್ದೆಗೆ ಎಷ್ಟು ನೀರು ಅಂತ ನೋಡಿಕೊಳ್ಳುವುದು ಅವರ ಕೆಲಸ. ಕೂಲಿ ಅಂತ ಸುಗ್ಗಿಯಲ್ಲಿ ಪ್ರತಿ ಮನೆಯಿಂದ ಕಾಳು ಬರುತ್ತಿತ್ತು. ಬೋರ್‌ವೆಲ್ ಬಂದ ಮೇಲೆ ತೂಬಿಗೂ ಕೆಲಸವಿಲ್ಲ, ತಾತನಿಗೂ ಇಲ್ಲ. ನಾನು ಮಾಡಿದ ಪ್ರಬಂಧ ಅದರ ಮೇಲೆಯೇ.

ಆದರೆ ಕೆಲಸಕ್ಕೆ ನಿಜವಾಗಿ ಒದಗಿದ್ದು ಇದಕ್ಕಿಂತ ಬೋರು ಹೊಡೆಸುವ ಎರಡು ಸಂಗತಿ. ಒಂದು, ಎರಡು ಪುಟದ ಟಿಪ್ಪಣಿ. ವಾರಕ್ಕೊಂದು ಬರೆಯಬೇಕಿತ್ತು. ಒಬ್ಬ ಅಧಿಕಾರಿಗೆ, ಒಂದು ಸಮಸ್ಯೆ, ಒಂದೇ ಕೋರಿಕೆ. ಎರಡನೇ ಕೋರಿಕೆ ಬಂದರೆ ಮೇಡಂ ಕೆಂಪು ಗೆರೆ ಹೊಡೆದು ವಾಪಸ್ ಕೊಡುತ್ತಿದ್ದರು. ಇನ್ನೊಂದು, ಕಾನೂನನ್ನು ಗಡಿಯಾರದ ಹಾಗೆ ಓದುವುದು. 1986ರ ಪರಿಸರ ಸಂರಕ್ಷಣಾ ಕಾಯ್ದೆ ಎಷ್ಟು ದೊಡ್ಡದು ಅಂತ ಅಲ್ಲ. ಅದರ ಕೆಳಗೆ ಬಂದ, ಯೋಜನೆಗಳಿಗೆ ಪರಿಸರ ಅನುಮತಿ ಕೊಡುವ ಕ್ರಮ ಹೇಳುವ ಅಧಿಸೂಚನೆಯಲ್ಲಿ ಯಾವ ಹಂತದಲ್ಲಿ ಯಾರು ಬಾಯಿ ತೆರೆಯಬಹುದು, ಎಷ್ಟು ದಿನದೊಳಗೆ, ಆಮೇಲೆ ಯಾವ ಬಾಗಿಲು ಮುಚ್ಚುತ್ತದೆ ಅಂತ.

ಮೊದಲ ಕೆಲಸ ಬೆಂಗಳೂರಿನ ಒಂದು ಸಲಹಾ ಸಂಸ್ಥೆಯಲ್ಲಿ, ತಿಂಗಳಿಗೆ 28 ಸಾವಿರ. ಗಣಿ, ಕ್ವಾರಿ, ಲೇಔಟುಗಳಿಗೆ ಪರಿಸರ ಪರಿಣಾಮ ವರದಿ ಬರೆಯುವುದು. ಗಾಳಿ, ಶಬ್ದ, ನೀರು ಇಂಜಿನಿಯರುಗಳ ಪಾಲು. ನೀತಿ ಓದಿದವರಿಗೆ ಸಿಗುವುದು ಸಾಮಾಜಿಕ ಆರ್ಥಿಕ ಅಧ್ಯಾಯ. ಯೋಜನೆಯ ಸುತ್ತ 10 ಕಿಲೋಮೀಟರಿನ ಹಳ್ಳಿಗಳ ಜನಸಂಖ್ಯೆ, ಶಾಲೆ, ಆಸ್ಪತ್ರೆ. ಅಂಕಿ ಎಲ್ಲಿಂದ? 2011ರ ಜನಗಣತಿಯಿಂದ. ಕಾಪಿ, ಪೇಸ್ಟ್. ಇದಕ್ಕಾ ಎರಡು ವರ್ಷ ಓದಿದ್ದು ಅಂತ ಅತ್ತಿದ್ದೂ ಉಂಟು.

ಕನ್ನಡ ಬರುತ್ತದೆ ಅಂತ ಒಂದು ಕಲ್ಲು ಕ್ವಾರಿಯ ವರದಿಯ ಕನ್ನಡ ಸಾರಾಂಶವೂ ನನ್ನ ತಲೆಗೇ ಬಂತು. ಹಿಂದಿನವರು ಮಾಡಿಟ್ಟಿದ್ದನ್ನು ತೆಗೆದು ನೋಡಿದರೆ, ಜಲ್ಲಿ ಕ್ರಷರ್ 'ಪ್ಲಾಂಟ್' ಇರಬೇಕಾದ ಕಡೆಯೆಲ್ಲ 'ಸಸ್ಯ' ಅಂತಿತ್ತು. ಗಂಟೆಗೆ ಇಷ್ಟು ಟನ್ ಸಾಮರ್ಥ್ಯದ ಸಸ್ಯ! ಊರಿನವರು ಓದಿ ಅಭಿಪ್ರಾಯ ಹೇಳಬೇಕಾದ ಕಾಗದ ಅದು. ಎರಡು ರಾತ್ರಿ ಕೂತು ಪೂರ್ತಿ ಹೊಸದಾಗಿ ಬರೆದೆ. ಎರಡು ವರ್ಷದ ಓದಿನಲ್ಲಿ ಒಂದೇ ಒಂದು ಟಿಪ್ಪಣಿಯನ್ನೂ ಕನ್ನಡದಲ್ಲಿ ಬರೆಸಿರಲಿಲ್ಲ ಅನ್ನುವುದು ಆಗ ಹೊಳೆಯಿತು.

ಆ ಕಲ್ಲು ಕ್ವಾರಿಯ ಸಾರ್ವಜನಿಕ ಅಹವಾಲು ಸಭೆ ನಮ್ಮ ಜಿಲ್ಲೆಯ ಕಡೆಯೇ ನಡೆಯಿತು. ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಬಾದಾಮಿ ಹಾಲು. ನಮ್ಮ ವರದಿಯಲ್ಲಿ 'ಹತ್ತಿರದಲ್ಲಿ ಜಲಮೂಲ ಇಲ್ಲ' ಅಂತ ಒಂದು ಸಾಲಿತ್ತು. ಹಿಂದೆ ಕೂತಿದ್ದ ಒಬ್ಬ ವಯಸ್ಸಾದವರು ಎದ್ದು ನನ್ನನ್ನೇ ಕರೆದರು. "ಓದಿರೋಳು ತಾನೇ ನೀನು? ರಾಜಕಾಲುವೆ ಎಲ್ಲಿದೆ ತೋರ್ಸಮ್ಮಾ."

ನಮ್ಮ ವರದಿಯ ನಕ್ಷೆಯಲ್ಲಿ ಇರಲಿಲ್ಲ. ಬೇಸಿಗೆಯ ಉಪಗ್ರಹ ಚಿತ್ರದಲ್ಲಿ ಒಣಗಿದ ಕಾಲುವೆ ಬರೀ ಕಂದು ನೆಲ. ಆದರೆ ಊರಿನ ಗ್ರಾಮ ನಕ್ಷೆಯಲ್ಲಿ ಅದು ಸ್ಪಷ್ಟವಾಗಿ ಇದೆ. ಮಳೆ ಬಂದಾಗ ಗುಡ್ಡದ ನೀರು ಕೆರೆಗೆ ಇಳಿಯುವುದು ಅದರಲ್ಲೇ. ನೀರುಗಂಟಿಯ ಮೊಮ್ಮಗಳಾಗಿ ನನಗೆ ಇದು ಮೊದಲೇ ಹೊಳೆಯಬೇಕಿತ್ತು, ಅಲ್ವಾ?

ಆ ದಿನ ಕೈಹಿಡಿದಿದ್ದು ಓದಿನಲ್ಲಿ ಕಲಿತ ಅದೇ ಅಧಿಸೂಚನೆ. 2006ರ ಸೆಪ್ಟೆಂಬರ್ 14ರದ್ದು. ಸಭೆಯ ಕೊನೆಯಲ್ಲಿ ನಡಾವಳಿಯನ್ನು ಜನರ ಭಾಷೆಯಲ್ಲೇ ಓದಿ ಹೇಳಬೇಕು. ಅಲ್ಲಿ ದಾಖಲಾದ ಮುಖ್ಯ ಆಕ್ಷೇಪಗಳಿಗೆ ಅಂತಿಮ ವರದಿಯಲ್ಲಿ ಉತ್ತರ ಇರಲೇಬೇಕು. ಓದುವಾಗ ಗಮನವಿಟ್ಟು ಕೇಳಿದೆ. ಅಜ್ಜನ ಮಾತು 'ನೀರಿನ ಸಮಸ್ಯೆ' ಅಂತ ಎರಡೇ ಪದಕ್ಕೆ ಇಳಿದಿತ್ತು. ಅವರ ಪಕ್ಕಕ್ಕೆ ಹೋಗಿ ಮೆಲ್ಲಗೆ ಹೇಳಿದೆ, "ತಾತಾ, ಈಗಲೇ ಹೇಳಿ. ರಾಜಕಾಲುವೆ ಅಂತ ಬರೆಸಿ, ಸರ್ವೆ ನಂಬರ್ ಸಮೇತ. ನಾಳೆ ಹೇಳಿದರೆ ಉಪಯೋಗ ಇಲ್ಲ." ಅವರು ಎದ್ದರು, ಬರೆಸಿದರು. ಕ್ವಾರಿಯವರ ದುಡ್ಡಿನಲ್ಲಿ ಸಂಬಳ ತಗೊಳ್ಳುವವಳು ಹೀಗೆ ಮಾಡಬಹುದಾ ಅಂತ ನನ್ನ ಬಾಸ್ ಕಾರಿನಲ್ಲಿ ಕೇಳಿದರು. ಕೇಳಿದ್ದು ತಪ್ಪಲ್ಲ. ನನ್ನ ಉತ್ತರ ಒಂದೇ: ಕಾಲುವೆ ಮುಚ್ಚಿಟ್ಟ ವರದಿ, ಅದನ್ನು ಪರಿಶೀಲಿಸುವ ತಜ್ಞರ ಸಮಿತಿಯ ಮುಂದೆ ಬಿದ್ದುಹೋದರೆ ಕ್ವಾರಿಯವರಿಗೇ ನಷ್ಟ. ಮಾರನೇ ದಿನ ಎರಡು ಪುಟ ಬರೆದು ಗ್ರಾಮ ನಕ್ಷೆ ಲಗತ್ತಿಸಿ ಕೊಟ್ಟೆ. ಕೋರಿಕೆ ಒಂದೇ, ಕಾಲುವೆಯ ಎರಡೂ ಕಡೆ ಮಣ್ಣು ಸುರಿಯದ ಜಾಗ ಬಿಡಬೇಕು. ಬಾಸ್ ಗೊಣಗುತ್ತಲೇ ಅದನ್ನು ವರದಿಗೆ ಸೇರಿಸಿದರು. ಅನುಮತಿ ಪತ್ರದಲ್ಲಿ ಅದು ಒಂದು ಷರತ್ತಾಗಿ ಬಂತು.

ಈ ಕೋರ್ಸ್ ಮಾಡಬೇಕು ಅಂತಿರುವವರು ಫೋನ್ ಮಾಡಿದಾಗ ನಾನು ಮೊದಲು ಹೇಳುವುದು, ಸರ್ಕಾರಿ ಹುದ್ದೆಗಳ ಅರ್ಹತೆ ಓದಿ ಆಮೇಲೆ ಸೇರಿ ಅಂತ. ಎಷ್ಟೋ ಹುದ್ದೆ ಇಂಜಿನಿಯರಿಂಗ್ ಇಲ್ಲವೇ ವಿಜ್ಞಾನದ ಪದವಿ ಕೇಳುತ್ತವೆ. ನನ್ನ ಜೊತೆಯವರಲ್ಲಿ ಜಾಸ್ತಿ ಜನ ಈಗ ಕಂಪನಿಗಳಲ್ಲಿದ್ದಾರೆ. ದೊಡ್ಡ ಲಿಸ್ಟೆಡ್ ಕಂಪನಿಗಳು ನೀರು, ಇಂಧನ, ತ್ಯಾಜ್ಯದ ಲೆಕ್ಕ ಕೊಡಬೇಕು ಅಂತ ಷೇರುಪೇಟೆ ನಿಯಂತ್ರಿಸುವ ಸೆಬಿ ನಿಯಮ ಮಾಡಿ, 2022-23ರಿಂದ ಮೊದಲ 1000 ಕಂಪನಿಗಳಿಗೆ ಅದು ಕಡ್ಡಾಯವಾದ ಮೇಲೆ ಆ ಕೆಲಸ ಜಾಸ್ತಿಯಾಯಿತು. ಸಂಬಳ ಚೆನ್ನಾಗಿದೆ. ಎಕ್ಸೆಲ್ ಜಾಸ್ತಿ, ಕೆರೆ ಕಡಿಮೆ. ಇಂಟರ್ವ್ಯೂಗೆ ಹೋಗುವ ಮುಂಚೆ, ಪರಿಸರ ಅನುಮತಿಯ ಸರ್ಕಾರಿ ಜಾಲತಾಣವಾದ ಪರಿವೇಶ್ ಪೋರ್ಟಲಿನಲ್ಲಿ ತಜ್ಞರ ಸಮಿತಿಯ ಹತ್ತಿಪ್ಪತ್ತು ಸಭೆಗಳ ನಡಾವಳಿ ಓದಿಕೊಂಡು ಹೋಗಿ. ಯಾವ ಪ್ರಶ್ನೆಗೆ ಕಡತ ನಿಲ್ಲುತ್ತದೆ ಅಂತ ಅಲ್ಲಿ ಕಾಣುತ್ತದೆ.

ನಾನು ಆ ಸಂಸ್ಥೆ ಬಿಟ್ಟು ಮೂರು ವರ್ಷ ಆಯಿತು. ಈಗ ಊರ ಕಡೆ ಕೆರೆ ಸಂಘಗಳಿಗೆ ಕಾಗದಪತ್ರದ ಕೆಲಸ ಮಾಡಿಕೊಡುತ್ತೇನೆ. ಅನುಮತಿಯ ಷರತ್ತು ಪಾಲಿಸಿದ್ದೇವೆ ಅಂತ ಕ್ವಾರಿಯವರು ಆರು ತಿಂಗಳಿಗೊಮ್ಮೆ ವರದಿ ಕೊಡಬೇಕು, ಜೂನ್ 1ಕ್ಕೆ ಮತ್ತು ಡಿಸೆಂಬರ್ 1ಕ್ಕೆ. ಆ ಅಜ್ಜನಿಗೆ ಇದನ್ನು ಒಂದು ಸಲ ಹೇಳಿದ್ದೆ, ಅಷ್ಟೇ. ಡಿಸೆಂಬರ್ ಎರಡನೇ ತಾರೀಖು ಬೆಳಗ್ಗೆ ಏಳಕ್ಕೇ ಫೋನು. "ಏನಮ್ಮಾ, ಆ ಪೇಪರ್ ಬಂತಾ? ಕಾಲುವೇಲಿ ಒಂದು ಟ್ರಾಕ್ಟರ್ ಮಣ್ಣು ಬಿದ್ದೈತೆ, ಬಂದು ನೋಡು."