ಯುದ್ಧನೌಕೆ ಎಷ್ಟು ಬೇಕು: ಮಲ್ಪೆಯಲ್ಲಿ ಕುಳಿತು ನಾನು ಹಾಕಿದ ಲೆಕ್ಕ

ನೌಕಾಪಡೆಯಲ್ಲಿದ್ದಾಗ ಯುದ್ಧನೌಕೆ ಎಷ್ಟು ಬೇಕೆಂದು ಲೆಕ್ಕ ಹಾಕುವ ಕೆಲಸ ಮೊದಲ ಬಾರಿ ನನ್ನ ಪಾಲಿಗೆ ಬಂದಾಗ ನಾನು ಹಡಗುಗಳ ಪಟ್ಟಿಯಿಂದ ಶುರು ಮಾಡಿದ್ದೆ. ಎಷ್ಟು ಇವೆ, ಯಾವುದು ಯಾವಾಗ ನಿವೃತ್ತಿಯಾಗುತ್ತದೆ, ಅದರ ಬದಲಿಗೆ ಯಾವುದು ಬರಬೇಕು ಎಂದು ಎರಡು ರಾತ್ರಿ ಕುಳಿತು ಕೋಷ್ಟಕ ಬರೆದೆ. ಹಿರಿಯ ಅಧಿಕಾರಿ ಅದನ್ನು ಪೂರ್ತಿ ಓದಿ ಒಂದೇ ಮಾತು ಕೇಳಿದರು: “ಇವುಗಳಲ್ಲಿ ನಾಳೆ ಬೆಳಿಗ್ಗೆ ಹಗ್ಗ ಬಿಚ್ಚಿ ಹೊರಡುವುದು ಎಷ್ಟು?” ನನ್ನ ಬಳಿ ಉತ್ತರ ಇರಲಿಲ್ಲ. ಆಮೇಲೆ ಆರು ವರ್ಷ ಯೋಜನಾ ವಿಭಾಗದಲ್ಲಿದ್ದೆ. ಯಾವ ಲೆಕ್ಕ ಹಿಡಿದರೂ ಆ ಪ್ರಶ್ನೆಯಿಂದಲೇ ಹಿಡಿದೆ.

ನಿವೃತ್ತಿಯ ನಂತರ ಮಲ್ಪೆಯಲ್ಲಿ ಮನೆ ಮಾಡಿದೆ. ಕಳೆದ ಮಳೆಗಾಲದಲ್ಲಿ ಉಡುಪಿಯ ಕಾಲೇಜೊಂದರ ಎನ್‌ಸಿಸಿ ವಿದ್ಯಾರ್ಥಿಗಳಿಗೆ ಈ ವಿಷಯದ ಮೇಲೆ ಮಾತನಾಡಬೇಕೆಂದು ಕರೆದರು. ದೇಶದ ಇಡೀ ನೌಕಾಪಡೆಯ ಲೆಕ್ಕವನ್ನು ಒಂದು ಗಂಟೆಯಲ್ಲಿ ಹೇಳಲಾಗುವುದಿಲ್ಲ. ಹಾಗಾಗಿ ಒಂದೇ ಒಂದು ಕೆಲಸವನ್ನು ಎತ್ತಿಕೊಂಡೆ: ಯುದ್ಧದ ಸಮಯದಲ್ಲಿ ಮಂಗಳೂರಿಗೆ ಕಚ್ಚಾತೈಲ ಬರುತ್ತಲೇ ಇರಬೇಕು, ಅದಕ್ಕೆ ಎಷ್ಟು ಬೆಂಗಾವಲು ನೌಕೆ ಬೇಕು? ಬಳಸಿದ್ದು ಎಲ್ಲರಿಗೂ ಸಿಗುವ ಅಂಕಿಗಳನ್ನು; ಉಳಿದದ್ದಕ್ಕೆ ನನ್ನ ಅಂದಾಜು.

ಮೊದಲು ಬೇಡಿಕೆ. ಮಂಗಳೂರಿನ ತೈಲ ಶುದ್ಧೀಕರಣ ಕಾರ್ಖಾನೆ ಎಂಆರ್‌ಪಿಎಲ್‌ನ ಶುದ್ಧೀಕರಣ ಸಾಮರ್ಥ್ಯ ವರ್ಷಕ್ಕೆ 1.5 ಕೋಟಿ ಟನ್. ದಿನಕ್ಕೆ ಸುಮಾರು 41 ಸಾವಿರ ಟನ್ ಆಯಿತು. 1.2 ಲಕ್ಷ ಟನ್ ಹೊರುವ ಟ್ಯಾಂಕರ್ ಆದರೆ ಮೂರು ದಿನಕ್ಕೊಂದು ಬರಬೇಕು. ನಂತರ ದೂರ. ಪರ್ಷಿಯನ್ ಕೊಲ್ಲಿಯ ಬಾಯಿಯಾದ ಹೋರ್ಮುಜ್ ಜಲಸಂಧಿ ದಾಟಿದ ಮೇಲೆ, ಯುಎಇಯ ಫುಜೈರಾ ಬಂದರಿನಿಂದ ಮಂಗಳೂರಿಗೆ ಸುಮಾರು 1,300 ನಾಟಿಕಲ್ ಮೈಲಿ. 12 ನಾಟ್, ಅಂದರೆ ಗಂಟೆಗೆ 12 ನಾಟಿಕಲ್ ಮೈಲಿ ವೇಗದಲ್ಲಿ ನಾಲ್ಕೂವರೆ ದಿನ. ಹೋಗಿ ಬರಲು ಒಂಬತ್ತು ದಿನ.

ಇಲ್ಲಿಯವರೆಗೆ ಭಾಗಾಕಾರ ಅಷ್ಟೆ. ಮುಂದಿನ ಅಂಕಿಗಾಗಿ ನಾನು ಪಕ್ಕದ ಮನೆಯ ಅಣ್ಣನ ಹತ್ತಿರ ಹೋದೆ. ಅವರಿಗೆ ಮೂರು ಆಳಸಮುದ್ರದ ಬೋಟ್‌ಗಳಿವೆ. ಜುಲೈ ತಿಂಗಳು, 61 ದಿನಗಳ ಮೀನುಗಾರಿಕೆ ನಿಷೇಧದ ಕಾಲ. ದಕ್ಕೆಯಲ್ಲಿ ಬೋಟ್‌ಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಅವರ ಒಂದು ಬೋಟನ್ನು ದಡಕ್ಕೆ ಎಳೆದು ಟಾರ್ಪಾಲು ಕಟ್ಟಿದ್ದರು. ಗೇರ್‌ಬಾಕ್ಸ್ ಇಳಿಸಿ ಗೋಣಿಯ ಮೇಲೆ ಇಟ್ಟಿತ್ತು. ಎಣ್ಣೆಮೆತ್ತಿದ ಹಲ್ಲುಚಕ್ರಗಳನ್ನು ಹುಡುಗನೊಬ್ಬ ಸೀಮೆಎಣ್ಣೆಯಲ್ಲಿ ಅದ್ದಿ ಒರೆಸುತ್ತಿದ್ದ. ಅಣ್ಣ ತಮ್ಮ ಉದ್ದನೆಯ ಲೆಕ್ಕದ ಪುಸ್ತಕ ತೆರೆದು ತೋರಿಸಿದರು: ಹೊರಟ ದಿನ, ಬಂದ ದಿನ, ಡೀಸೆಲ್, ಐಸ್, ಕೆಟ್ಟದ್ದೇನು. “ಬ್ಯಾಂಕಿನವರು ಕೇಳಿದರೆ ಮೂರು ಬೋಟ್ ಎನ್ನುತ್ತೇನೆ. ಮೀನಿನ ಲೆಕ್ಕ ಹಾಕುವಾಗ ಎರಡು ಎಂದೇ ಹಿಡಿಯುವುದು ಮಾರಾಯರೇ” ಎಂದರು.

ನಮ್ಮಲ್ಲೂ ನಡೆಯುವುದು ಇದೇ. ಒಂದು ಹಡಗು ಕಡಲಲ್ಲಿದ್ದರೆ ಇನ್ನೊಂದು ನೀರು ಖಾಲಿ ಮಾಡಿ ದುರಸ್ತಿ ಮಾಡುವ ಡ್ರೈಡಾಕ್‌ನಲ್ಲಿರುತ್ತದೆ, ಮತ್ತೊಂದು ದುರಸ್ತಿ ಮುಗಿಸಿ ಸಿಬ್ಬಂದಿಗೆ ತಾಲೀಮು ಕೊಡುತ್ತಿರುತ್ತದೆ. ಆದರೆ ದೊಡ್ಡ ವ್ಯತ್ಯಾಸವೊಂದಿದೆ. ಮಲ್ಪೆಯ ಬೋಟ್‌ಗಳೆಲ್ಲ ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಒಟ್ಟಿಗೆ ದುರಸ್ತಿ ಮಾಡಿಕೊಳ್ಳಬಹುದು. ನೌಕಾಪಡೆಗೆ ಹಾಗೆ ರಜೆ ಇಲ್ಲ. ವರ್ಷದ ಯಾವ ದಿನವಾದರೂ ಒಂದು ಪಾಲು ಹಡಗುಗಳು ಯಾರ್ಡ್‌ನಲ್ಲಿ ಇದ್ದೇ ಇರುತ್ತವೆ. ನಾಲ್ಕರಲ್ಲಿ ಒಂದು ಎಂದು ಹಿಡಿದೆ. ಇದು ಉದಾರವಾದ ಅಂದಾಜು. ಹಳೆಯ ಹಡಗುಗಳಾದರೆ ಇದಕ್ಕಿಂತ ಕೆಟ್ಟದಾಗಿರುತ್ತದೆ.

ಈಗ ಜೋಡಿಸಿದೆ. ಒಂದು ಬೆಂಗಾವಲು ತಂಡ ಒಂಬತ್ತು ದಿನ ಕಡಲಲ್ಲಿ, ಹನ್ನೊಂದು ದಿನ ಬಂದರಿನಲ್ಲಿ, ಅಂದರೆ ಇಪ್ಪತ್ತು ದಿನದ ಸುತ್ತು. ಮೂರು ದಿನಕ್ಕೊಂದು ಟ್ಯಾಂಕರನ್ನು ಒಂಟಿಯಾಗಿ ಕರೆತರಬೇಕೆಂದರೆ ಏಳು ತಂಡ ಬೇಕು. ತಂಡಕ್ಕೆ ಎರಡು ನೌಕೆ. ಹದಿನಾಲ್ಕಾಯಿತು, ದುರಸ್ತಿಯ ಪಾಲು ಸೇರಿಸಿದರೆ ಹತ್ತೊಂಬತ್ತು. ಒಂದೇ ಬಂದರಿನ ಒಂದೇ ಸರಕಿಗೆ ಹತ್ತೊಂಬತ್ತು ನೌಕೆ! ಯಾವ ದೇಶಕ್ಕೂ ಇದು ಕೈಗೆಟಕುವ ಮಾತಲ್ಲ.

ಪೆನ್ಸಿಲ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಆಗ ನೆನಪಾದದ್ದು ಪಾದೂರು. ಕಾಪು ತಾಲ್ಲೂಕಿನ ಆ ಊರಿನ ಬಂಡೆಯೊಳಗೆ 25 ಲಕ್ಷ ಟನ್, ಮಂಗಳೂರಿನ ಬಂಡೆಯೊಳಗೆ 15 ಲಕ್ಷ ಟನ್ ಕಚ್ಚಾತೈಲ ಹಿಡಿಯುವ ನೆಲದಡಿಯ ಸಂಗ್ರಹಾಗಾರಗಳಿವೆ. ಅದು ದೇಶದ ದಾಸ್ತಾನು, ನಮ್ಮೊಂದು ಕಾರ್ಖಾನೆಯದಲ್ಲ. ಆದರೂ ಅದರಲ್ಲಿ ಒಂದು ಪಾಲು ತುಂಬಿದ್ದರೆ ಟ್ಯಾಂಕರ್ ಮೂರು ದಿನಕ್ಕೇ ಬರಬೇಕೆಂಬ ಅವಸರ ಇಲ್ಲ. ಹತ್ತು ದಿನಕ್ಕೊಮ್ಮೆ ಮೂರು-ನಾಲ್ಕು ಟ್ಯಾಂಕರ್‌ಗಳನ್ನು ಗುಂಪಾಗಿ ತರಬಹುದು. ಆಗ ಎರಡೇ ತಂಡ ಸಾಕು. ಗುಂಪು ದೊಡ್ಡದೆಂದು ತಂಡಕ್ಕೆ ಮೂರು ನೌಕೆ ಕೊಟ್ಟರೂ ಆರು, ದುರಸ್ತಿಯ ಪಾಲು ಸೇರಿ ಎಂಟು. ಹತ್ತೊಂಬತ್ತು ಎಂಟಕ್ಕೆ ಇಳಿಯಿತು. ಹನ್ನೊಂದು ಯುದ್ಧನೌಕೆಗಳ ಕೆಲಸವನ್ನು ಪಾದೂರಿನ ಬಂಡೆ ಮಾಡಿತು. ಹಡಗು ಎಷ್ಟು ಬೇಕೆಂಬ ಪ್ರಶ್ನೆಗೆ ಅರ್ಧ ಉತ್ತರ ದಡದ ಮೇಲಿರುತ್ತದೆ ಎಂದು ನಾನು ಹಟದಿಂದ ಹೇಳುವುದು ಇದಕ್ಕೇ.

ಇನ್ನೊಬ್ಬರ ಪಡೆಯನ್ನು ನೋಡಿ ನಮ್ಮ ಸಂಖ್ಯೆ ಗೊತ್ತುಮಾಡುವ ದಾರಿಯೂ ಇದೆ. 1889ರಲ್ಲಿ ಬ್ರಿಟನ್ ತನ್ನ ನಂತರದ ಎರಡು ದೊಡ್ಡ ನೌಕಾಪಡೆಗಳ ಒಟ್ಟು ಬಲಕ್ಕೆ ಸಮನಾಗಿರಬೇಕೆಂದು ನಿರ್ಧರಿಸಿತು. ಅದೇ ಬ್ರಿಟನ್ನಿನ ನೌಕಾಧಿಕಾರಿಗಳು ಮೊದಲ ಮಹಾಯುದ್ಧದ ನಂತರ ವ್ಯಾಪಾರದ ಹಾದಿಗಳ ರಕ್ಷಣೆಗೆ 70 ಕ್ರೂಸರ್ (ದೂರದ ಕಡಲುಗಳಲ್ಲಿ ಗಸ್ತು ತಿರುಗುವ ದೊಡ್ಡ ಯುದ್ಧನೌಕೆ) ಬೇಕೆಂದರು. ನೌಕಾಪಡೆಗಳಿಗೆ ಮಿತಿ ಹಾಕಿದ 1930ರ ಲಂಡನ್ ಒಪ್ಪಂದದ ಹೊತ್ತಿಗೆ ಸರಕಾರ 50ಕ್ಕೆ ಒಪ್ಪಿತು. ಹಾದಿಗಳ ಉದ್ದವೇನೂ ಕಡಿಮೆಯಾಗಿರಲಿಲ್ಲ. ಸಂಖ್ಯೆ ಕಡಿತವಾದಾಗ ಯಾವ ಕೆಲಸ ಬಿಟ್ಟುಹೋಯಿತು ಎಂಬುದನ್ನು ಅದರ ಪಕ್ಕದಲ್ಲೇ ಬರೆದಿಡಬೇಕು. ಕಚೇರಿಯಲ್ಲಿ ನಾನು ಅತಿ ಹೆಚ್ಚು ಜಗಳವಾಡಿದ್ದು ಆ ಒಂದು ಸಾಲನ್ನು ಉಳಿಸಿಕೊಳ್ಳಲು.

ಎಂಥ ನೌಕೆ ಎಂಬ ಪ್ರಶ್ನೆಗೆ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ದೊಡ್ಡ ಡೆಸ್ಟ್ರಾಯರ್ ಎಂದರು. ಅಪಾಯ ಯಾವುದು ಎಂದು ನಾನು ತಿರುಗಿ ಕೇಳಿದೆ. ಈ ದಾರಿಯಲ್ಲಿ ಮುಖ್ಯವಾದದ್ದು ಜಲಾಂತರ್ಗಾಮಿ. 1971ರ ಡಿಸೆಂಬರ್ 9ರ ರಾತ್ರಿ ದೀವ್ ಬಳಿ ಜಲಾಂತರ್ಗಾಮಿಯನ್ನು ಹುಡುಕಲು ಹೋದ ಐಎನ್‌ಎಸ್ ಖುಕ್ರಿಯೇ ಅದರ ಟಾರ್ಪಿಡೊಗೆ ಸಿಕ್ಕಿ ಮುಳುಗಿತು. 18 ಅಧಿಕಾರಿಗಳು ಮತ್ತು 176 ನಾವಿಕರು ಹಿಂದಿರುಗಲಿಲ್ಲ. ಆ ಸಂಖ್ಯೆ ಹೇಳುವಾಗ ನನ್ನ ಗಂಟಲು ಇಂದಿಗೂ ಕಟ್ಟುತ್ತದೆ. ನೀರಿನಡಿಯ ಸದ್ದು ಹಿಡಿಯುವ ಒಳ್ಳೆಯ ಸೋನಾರ್, ಹೆಲಿಕಾಪ್ಟರ್ ಇಲ್ಲದ ಬೆಂಗಾವಲು ನೌಕೆಯನ್ನು ಎಂಟರಲ್ಲಿ ಒಂದೆಂದು ನಾನು ಎಣಿಸುವುದಿಲ್ಲ. ಹೆಲಿಕಾಪ್ಟರ್ ಬೇಕೆಂದ ಕೂಡಲೇ ಗಾತ್ರವೂ ನಿಗದಿಯಾಗುತ್ತದೆ: ಜುಲೈ ತಿಂಗಳ ಅರಬ್ಬಿ ಕಡಲಲ್ಲಿ ಸಣ್ಣ ಹಡಗಿನ ಅಟ್ಟ ಹೊಯ್ದಾಡುವಾಗ ಅದನ್ನು ಇಳಿಸಲಾಗದು. ಹಾಗಾಗಿ ಫ್ರಿಗೇಟ್, ಅಂದರೆ ಡೆಸ್ಟ್ರಾಯರ್‌ಗಿಂತ ಚಿಕ್ಕದಾದ ಮಧ್ಯಮ ಗಾತ್ರದ ಯುದ್ಧನೌಕೆ. ಸಣ್ಣವು ನಿರುಪಯೋಗಿ ಎಂದಲ್ಲ. ಅದೇ ಯುದ್ಧದ ಡಿಸೆಂಬರ್ 4ರಂದು ಕರಾಚಿಯ ಮೇಲೆ ಎರಗಿದ್ದು ಪುಟ್ಟ ಕ್ಷಿಪಣಿ ದೋಣಿಗಳು. ಆದರೆ ಅವುಗಳನ್ನು ದೊಡ್ಡ ಹಡಗುಗಳು ದಾರಿಯಲ್ಲಿ ಎಳೆದೊಯ್ಯಬೇಕಾಯಿತು.

ಕೊನೆಗೆ ಎರಡನೆಯ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಎದ್ದು, “ಸರ್, ಟ್ಯಾಂಕರ್ ಪಣಂಬೂರು ಬಂದರಿನ ಬಾಯಿಯವರೆಗೆ ಬಂತು. ಅಲ್ಲಿ ನೀರಿನಡಿ ಮೈನ್ ಇಟ್ಟಿದ್ದರೆ?” ಎಂದು ಕೇಳಿದಳು. ಮೈನ್ ಎಂದರೆ ಹಡಗು ಹತ್ತಿರ ಬಂದರೆ ಸಿಡಿಯುವ ಸ್ಫೋಟಕ. 1991ರ ಫೆಬ್ರವರಿ 18ರಂದು ಪರ್ಷಿಯನ್ ಕೊಲ್ಲಿಯಲ್ಲಿ ಅಮೆರಿಕದ ಟ್ರಿಪೋಲಿ, ಪ್ರಿನ್ಸ್‌ಟನ್ ಎಂಬ ಎರಡು ದೊಡ್ಡ ಯುದ್ಧನೌಕೆಗಳು ಒಂದೇ ದಿನ ಮೈನ್‌ಗೆ ಸಿಕ್ಕಿ ಜಖಂಗೊಂಡವು. ಎಂಟು ಫ್ರಿಗೇಟ್‌ಗಳಿಂದಲೂ ಬಂದರಿನ ಪ್ರವೇಶ ಕಾಲುವೆಯನ್ನು ಶುಚಿ ಮಾಡಲಾಗದು. ಅದಕ್ಕೆ ಮೈನ್‌ಸ್ವೀಪರ್ ಎಂಬ ಬೇರೆಯೇ ನೌಕೆ ಬೇಕು, ದಿನವೂ ಗುಡಿಸಲು ಎರಡು, ದುರಸ್ತಿಯಲ್ಲಿ ಒಂದು. ಹಲಗೆಯ ಮೇಲೆ ‘ಬೇಕು’ ಎಂಬ ಅಂಕಣದಲ್ಲಿ 3 ಎಂದು ಬರೆದೆ. ನಮ್ಮ ಕೊನೆಯ ಮೈನ್‌ಸ್ವೀಪರ್ ಐಎನ್‌ಎಸ್ ಕೋಳಿಕ್ಕೋಡ್ 2019ರಲ್ಲಿ ನಿವೃತ್ತಿಯಾಗಿದೆ. ಹೊಸದಾಗಿ ಕೊಳ್ಳುವ ಪ್ರಸ್ತಾವಕ್ಕೆ ರಕ್ಷಣಾ ಸಚಿವಾಲಯದ ಮಂಡಳಿಯ ಒಪ್ಪಿಗೆ ಸಿಕ್ಕಿದ್ದು 2025ರ ಜುಲೈಯಲ್ಲಿ. ಪಕ್ಕದ ‘ಇದೆ’ ಎಂಬ ಅಂಕಣವನ್ನು ತುಂಬಲು ಸೀಮೆಸುಣ್ಣವನ್ನು ಆ ಹುಡುಗಿಯ ಕೈಗೇ ಕೊಟ್ಟೆ. ಅವಳು ದೊಡ್ಡದಾಗಿ ಸೊನ್ನೆ ಬರೆದಳು.